ಕೈಯಲ್ಲಿ ದುಡ್ಡಿಲ್ಲದ ವರ್ಷ ಹುತ್ತರಿ: ಸಾಲವೂ ಬೇಡ, ಸಪ್ಪೆ ಹಬ್ಬವೂ ಬೇಡ. ಹೇಗೆ?

ಗದ್ದೆಬದಿ (ಪೊನ್ನಂಪೇಟೆ ಕಡೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ಸಲ ಹುತ್ತರಿಗೆ, ಅಂದರೆ ನಮ್ಮ ಕೊಡಗಿನ ಹೊಸ ಅಕ್ಕಿ ಹಬ್ಬಕ್ಕೆ, ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಹಿರಿಯರು, ಮಕ್ಕಳು ಎಲ್ಲ ಸೇರಿ 25 ಜನ ಆಗುತ್ತೇವೆ. ಮಳೆ ಬಿಡದೆ ಸುರಿದು ಕಾಫಿ ಕಾಯಿ ಉದುರಿದೆ, ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಹಿಡಿದಿದೆ. ರೋಬಸ್ಟಾ ಕೊಯ್ಲು ಜನವರಿಗೆ ಮೊದಲು ಇಲ್ಲ. ಯಾರ ಕೈಯಲ್ಲೂ ದುಡ್ಡಿಲ್ಲ, ಆದರೆ "ಈ ವರ್ಷ ಬೇಡ" ಅನ್ನುವ ಮಾತು ಯಾರ ಬಾಯಲ್ಲೂ ಬರುತ್ತಿಲ್ಲ.

ತಿಳಿದವರು ದಯವಿಟ್ಟು ಹೇಳಿ. ಯಾವ ಖರ್ಚು ಇಳಿಸಬಹುದು, ಯಾವುದನ್ನು ಮುಟ್ಟಬಾರದು? 25 ಜನಕ್ಕೆ ತಂಬಿಟ್ಟು, ಕಡಂಬಿಟ್ಟು, ಪಾಯಸದ ಅಳತೆ ಎಷ್ಟು? ಚೆರಿ (ಒಣಗಿಸಿದ ಕಾಫಿ ಹಣ್ಣು) ಮೇಲೆ ಈಗಲೇ ಮುಂಗಡ ಕೊಡುತ್ತೇನೆ ಅನ್ನುವ ವ್ಯಾಪಾರಿಗಳ ಹತ್ತಿರ ತೆಗೆದುಕೊಳ್ಳಬಹುದಾ? ಇನ್ನೊಂದು, ನನಗೆ ಎಲ್ಲಕ್ಕಿಂತ ದೊಡ್ಡದು: ಮನೆಯಲ್ಲಿ ಎಲ್ಲರ ಮುಖ ಬಾಡಿದೆ. ಇಂಥ ವರ್ಷ ಗದ್ದೆಯಲ್ಲಿ ನಿಂತು "ಪೊಲಿ ಪೊಲಿ ದೇವಾ" (ಸಮೃದ್ಧಿಯಾಗಲಿ ದೇವಾ) ಅಂತ ಮನಸ್ಸಿಟ್ಟು ಕೂಗುವುದು ಹೇಗೆ?

---

ಕಣದ ಲೆಕ್ಕ:

ಮೊದಲು ಮುಂಗಡದ ವಿಷಯ ಮುಗಿಸೋಣ, ಉಳಿದದ್ದು ಅದರ ಮೇಲೆಯೇ ನಿಂತಿದೆ.

ಕೊಡಗಿನಲ್ಲಿ ಹುತ್ತರಿ ಬರುವುದೇ ವರ್ಷದಲ್ಲಿ ಕೈ ಬರಿದಾಗಿರುವ ಹೊತ್ತಿಗೆ. ಹಬ್ಬ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಅರೇಬಿಕಾ ಆಗಷ್ಟೇ ಕೊಯ್ಲಿಗೆ ಬಂದಿರುತ್ತದೆ. ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಮೆಣಸು ಫೆಬ್ರವರಿ ಮೇಲೆ. ಅಂದರೆ ಖರ್ಚು ಈಗ, ಆದಾಯ ಎರಡು ಮೂರು ತಿಂಗಳು ಆಚೆಗೆ. ಒಳ್ಳೆಯ ವರ್ಷದಲ್ಲೂ ಈ ಅಂತರ ಇದ್ದೇ ಇರುತ್ತದೆ, ಹಳೆಯ ಉಳಿಕೆ ಅದನ್ನು ಮುಚ್ಚಿಬಿಡುತ್ತದೆ ಅಷ್ಟೆ. ಆದ್ದರಿಂದ ಇದನ್ನು ನಿಮ್ಮ ಮನೆಯವರ ಅಸಾಮರ್ಥ್ಯ ಅಂತ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮುಂಗಡದಲ್ಲಿ ಎರಡು ಬಗೆ. ಒಂದು, ದುಡ್ಡು ಈಗ, ದರ ಮಾಲು ಹಾಕುವ ದಿನದ್ದು. ಇನ್ನೊಂದು, ದುಡ್ಡೂ ಈಗ, ದರವೂ ಈಗಲೇ ಕಟ್ಟು. ಎರಡನೆಯದಕ್ಕೆ ಹಬ್ಬದ ಖರ್ಚಿಗಾಗಿ ಕೈ ಹಾಕಲೇಬೇಡಿ. ಉದಾಹರಣೆಗೆ 50 ಕೆಜಿಯ 10 ಚೀಲ ಚೆರಿಗೆ ದರ ಕಟ್ಟಿ 20,000 ರೂಪಾಯಿ ತೆಗೆದುಕೊಂಡಿರಿ, ಫೆಬ್ರವರಿಯಲ್ಲಿ ಚೀಲಕ್ಕೆ 600 ರೂಪಾಯಿ ಏರಿತು ಅಂದುಕೊಳ್ಳಿ. 6,000 ಹೋಯಿತು. ಹಬ್ಬಕ್ಕೆ ಪಡೆದ 20,000ಕ್ಕೆ ಮೂರು ತಿಂಗಳಿಗೆ 6,000 ಕೊಟ್ಟ ಹಾಗಾಯಿತು. ದರ ಇಳಿದರೆ ನಿಮಗೆ ಲಾಭ ನಿಜ, ಆದರೆ ಕಾಯಿ ಉದುರಿದ ವರ್ಷ ಇನ್ನೊಂದು ಅಪಾಯ ಇದೆ: ಮಾತು ಕೊಟ್ಟಷ್ಟು ಚೀಲ ತೋಟದಲ್ಲಿ ಸಿಗದೆ ಹೋದರೆ ಕೊರತೆಯನ್ನು ಹೊರಗಿನಿಂದ ಕೊಂಡು ತುಂಬಿಕೊಡಬೇಕಾಗುತ್ತದೆ.

ಕೈಸಾಲ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ಅಂದರೆ ಕೇಳಲು ಸಣ್ಣದು, ವರ್ಷಕ್ಕೆ ಶೇ 36. 15,000 ತಂದು ನಾಲ್ಕು ತಿಂಗಳಿಗೆ ತೀರಿಸಿದರೂ ಬಡ್ಡಿಯೇ 1,800. ಸೊಸೈಟಿಯ ಬೆಳೆ ಸಾಲವನ್ನು ಹಬ್ಬಕ್ಕೆ ತಿರುಗಿಸುವುದೂ ತಪ್ಪು ಲೆಕ್ಕ. ಆ ಸಾಲಕ್ಕೆ ಬಡ್ಡಿ ಇಲ್ಲದಿರುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಒಂದು ಕಂತು ತಪ್ಪಿದರೆ ಆ ಅನುಕೂಲವೇ ಹೋಗುತ್ತದೆ, ಮುಂದಿನ ವರ್ಷದ ಗೊಬ್ಬರಕ್ಕೆ ಕಷ್ಟ.

ದುಡ್ಡು ಬೇಕೇ ಬೇಕು ಅಂದರೆ ಮೊದಲು ಅಟ್ಟ ನೋಡಿ. ಹಿಂದಿನ ವರ್ಷದ ಮೆಣಸು ಐದಾರು ಕೆಜಿ ಮೂಲೆಯಲ್ಲಿ ಉಳಿದಿರುವ ಮನೆಗಳು ಎಷ್ಟೋ. ಕರಿಮೆಣಸು ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ಬೂಸ್ಟು ಹಿಡಿದಿದ್ದರೆ ಮಾತ್ರ ಬೇರೆ ಮಾಡಿ, ಒಳ್ಳೆಯದನ್ನು ಎರಡು ದಿನ ಬಿಸಿಲಿಗೆ ಹಾಕಿ, ಕೇರಿ ಮಾರಿ. ಬೂಸ್ಟಿನ ಕಾಳು ಬೆರೆತರೆ ಇಡೀ ಚೀಲಕ್ಕೆ ದರ ಬೀಳುತ್ತದೆ.

ಇನ್ನು ಇಳಿಸಬೇಕಾದ ಖರ್ಚು. ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಹಬ್ಬದ ಚೀಟಿಯಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣಿನ ಮೊತ್ತ ಯಾವತ್ತೂ ದೊಡ್ಡದಲ್ಲ. ಬಾಟಲಿ, ಪಟಾಕಿ, ಹೊಸ ಬಟ್ಟೆ, ಬಾಡಿಗೆ ಕಾರು, ಮಾಂಸ, ಈ ಐದೇ ಚೀಟಿಯ ಭಾರ. ಕುಪ್ಯ (ಉದ್ದ ಅಂಗಿ), ಚೇಲೆ (ನಡುಪಟ್ಟಿ) ವರ್ಷ ವರ್ಷ ಅದೇ ಇರುತ್ತದೆ, ತಲೆಮಾರಿಗೂ ಬರುತ್ತದೆ. ಹೊಸ ಬಟ್ಟೆ ಮಕ್ಕಳಿಗೆ ಮಾತ್ರ ಅಂತ ಒಪ್ಪಂದ ಮಾಡಿಕೊಂಡರೂ ಸಾಕು. ಪಟಾಕಿಯನ್ನು ಮನೆಮನೆಯವರು ಬೇರೆ ಬೇರೆ ತರದೆ ಒಂದೇ ಪೆಟ್ಟಿಗೆ ತನ್ನಿ.

---

ನೆಲ್ಲಕ್ಕಿ:

ಮುಟ್ಟಬಾರದ್ದು ಯಾವುದು ಅಂತ ಕೇಳಿದಿರಲ್ಲ. ನೆರೆ (ಎಲೆಗಳ ಕಟ್ಟು) ಕಟ್ಟುವುದು, ಕದಿರು (ಭತ್ತದ ತೆನೆ) ತೆಗೆಯುವುದು, ಹೊಸ ಅಕ್ಕಿ ಬಿದ್ದ ಊಟ. ಹುತ್ತರಿ ಅಂದರೆ ಈ ಮೂರು. ಮೂರಕ್ಕೂ ದೊಡ್ಡ ಖರ್ಚೇನೂ ಬೇಕಿಲ್ಲ.

ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾಗುತ್ತದೆ. ನೆರೆ ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತು, ಊಟದ ಹೊತ್ತು ಮೂರನ್ನೂ ಬೇರೆ ಬೇರೆ ಹೇಳುತ್ತಾರೆ. ದೇವಸ್ಥಾನಕ್ಕೊಂದು ಹೊತ್ತು, ನಾಡಿಗೊಂದು ಹೊತ್ತು ಇರುತ್ತದೆ. ಫೋನಿನಲ್ಲಿ ಬರುವ ಸಂದೇಶದಲ್ಲಿ ಇವೆರಡು ಬೆರೆತು ಹೋಗುವುದುಂಟು, ಸರಿಯಾಗಿ ಓದಿ ಬರೆದಿಟ್ಟುಕೊಳ್ಳಿ.

ನೆರೆಯ ಎಲೆಗಳನ್ನು ಸಂಜೆ ಕತ್ತಲಲ್ಲಿ ಹುಡುಕಲು ಹೋಗಬೇಡಿ. ಹಗಲಲ್ಲೇ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ. ಯಾವ್ಯಾವ ಎಲೆ ಅನ್ನುವುದು ನಿಮ್ಮ ಒಕ್ಕದ (ಮನೆತನದ) ಹಿರಿಯರು ಹೇಳಿದ ಹಾಗೆ. ಕಟ್ಟಲು ನಾರು ಸಾಕು, ಪೇಟೆಯ ರಿಬ್ಬನ್ ಬೇಡ. ತಳಿಯತಕ್ಕಿ ಬೊಳಚದ (ಅಕ್ಕಿ ಹಾಕಿದ ತಟ್ಟೆಯಲ್ಲಿಟ್ಟು ಒಯ್ಯುವ) ದೀಪ ಗದ್ದೆಯ ಗಾಳಿಗೆ ಆರುತ್ತದೆ ಅಂತ ಎಲ್ಲರೂ ಗೊಣಗುತ್ತಾರೆ. ಬತ್ತಿ ತೆಳುವಾದರೆ ಆರುವುದು ಸಹಜ. ಹತ್ತಿಯನ್ನು ದಪ್ಪಗೆ ಹೊಸೆದು ಒಂದು ಗಂಟೆ ಮೊದಲೇ ಎಣ್ಣೆಯಲ್ಲಿ ನೆನೆಹಾಕಿ, ಬಲಗಡೆ ಒಬ್ಬರು ಅಂಗೈ ಅಡ್ಡ ಹಿಡಿದು ನಡೆಯಲಿ. ತೋಕಿನ (ಕೋವಿಯ) ಗುಂಡು ಒಂದೇ ಸಾಕು. ಎಂಟು ಹತ್ತು ಸುಡುವುದು ಪದ್ಧತಿಯಲ್ಲ, ಖುಷಿಗೆ ಬೆಳೆದು ಬಂದದ್ದು.

ಗದ್ದೆ ಪಾಳು ಬಿಟ್ಟವರು ಈಗ ಹೆಚ್ಚು. ಅಂಥವರು ನೆರೆಮನೆಯ ಗದ್ದೆಯಲ್ಲಿ ಕದಿರು ತೆಗೆಯುವುದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಹಿಂದಿನ ದಿನವೇ ಹೋಗಿ ಕೇಳಿ. ಯಾವ ಮಡಿ, ಯಾವ ಮೂಲೆ ಅಂತ ಹಗಲಲ್ಲೇ ತೋರಿಸಿಕೊಂಡು ಒಂದು ಕೋಲು ನೆಟ್ಟು ಬನ್ನಿ. ಕತ್ತಲಲ್ಲಿ 25 ಜನ ಇಳಿದು ಬೆಳೆದು ನಿಂತ ಭತ್ತ ತುಳಿದರೆ ಅವರ ನಷ್ಟ ದೊಡ್ಡದು. ಬದುವಿನ ಪಕ್ಕದ ಬುಡ ಹಿಡಿಯಿರಿ, ಇಳಿಯುವವರು ಇಬ್ಬರೇ ಇರಲಿ. ಬೆಸ ಸಂಖ್ಯೆಯ ತೆನೆ, ಮನೆಗೆ ಬೇಕಾದಷ್ಟೇ. ಸಿದ್ದಾಪುರ, ತಿತಿಮತಿ ಕಡೆಯವರು ಆನೆಯ ವಿಚಾರ ಮರೆಯಬೇಡಿ. ಕಾಳು ಗಟ್ಟಿಯಾದ ಗದ್ದೆಗೆ ಆನೆ ಬರುವುದು ಹೆಚ್ಚಾಗಿ ಕತ್ತಲಾದ ಮೇಲೆ. ಮನೆಗೆ ಹತ್ತಿರದ ಮಡಿ ಆರಿಸಿ, ಒಟ್ಟಾಗಿ ಹೋಗಿ ಒಟ್ಟಾಗಿ ಬನ್ನಿ, ಮಕ್ಕಳು ನಡುವೆ ಇರಲಿ.

ಮುಂದಿನ ವರ್ಷಕ್ಕೆ ಒಂದು ದಾರಿ ಹೇಳಿಬಿಡುತ್ತೇನೆ, ಪೇಟೆ ಮನೆಯವರಿಗೂ ಆಗುತ್ತದೆ. ತೂತಿಲ್ಲದ 20 ಲೀಟರ್ ಬಕೆಟ್, ಅದರಲ್ಲಿ ಒಂದು ಗೇಣು ಗದ್ದೆ ಮಣ್ಣು, ಮೇಲೆ ಎರಡು ಇಂಚು ನೀರು. ಜುಲೈಯಲ್ಲಿ ನಾಟಿ ಮಾಡುವವರ ಹತ್ತಿರ ಆರು ಸಸಿ ಕೇಳಿ ತಂದು, ಎರಡೆರಡರಂತೆ ಮೂರು ಬುಡ ನೆಡಿ. ಇಂಟಾನ್‌ನಂಥ ದೀರ್ಘಾವಧಿ ತಳಿಯಾದರೆ ಹುತ್ತರಿ ಹೊತ್ತಿಗೆ ತೆನೆ ಹಳದಿಗೆ ತಿರುಗುತ್ತದೆ, ಅಲ್ಪಾವಧಿ ತಳಿ ಮೊದಲೇ ಒಣಗಿ ಉದುರುತ್ತದೆ. ಬಕೆಟನ್ನು ಜಗುಲಿಯ ನೆರಳಲ್ಲಿಟ್ಟರೆ ಬರೀ ಸೋಗೆ, ಕಾಳೆಲ್ಲ ಜೊಳ್ಳು. ಅರ್ಧ ದಿನವಾದರೂ ನೇರ ಬಿಸಿಲು ಬೇಕು. ಹಾಲುಗಾಳು ಕಟ್ಟುವಾಗ ಗುಬ್ಬಿ ಬಿಡುವುದಿಲ್ಲ, ಹಳೆಯ ಸೊಳ್ಳೆ ಪರದೆ ಮುಚ್ಚಿ.

---

ಅಡುಗೆಮನೆ ಅಕ್ಕ:

25 ಜನಕ್ಕೆ ಅಳತೆ ಕೊಡುತ್ತೇನೆ. ಇದರಲ್ಲಿ ಮಿಗುವುದೂ ಇಲ್ಲ, ಕಮ್ಮಿಯೂ ಬೀಳುವುದಿಲ್ಲ.

ತಂಬಿಟ್ಟು. ಹುಡಿಗೆ ಒಂದು ಕೆಜಿ ಕುಸುಬಲಕ್ಕಿ (ಭತ್ತ ಬೇಯಿಸಿ ಮಾಡಿದ ಅಕ್ಕಿ). ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಒಣಗಿಸಬೇಕು. ಈ ಕಾಲದ ಮಂಜಿಗೆ ಅಕ್ಕಿ ಬೇಗ ಒಣಗುವುದಿಲ್ಲ, ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಕೆಲಸ ಕೆಟ್ಟಿತು. ನಾಲ್ಕೈದು ದಿನ ಮೊದಲೇ ಮಾಡಿ. ಕಬ್ಬಿಣದ ಬಾಣಲೆಯಲ್ಲಿ ಒಂದು ಸಲಕ್ಕೆ ಕಾಲು ಕೆಜಿ ಮಾತ್ರ, ಮಧ್ಯಮ ಉರಿ, ಕೈ ಬಿಡದೆ ಎಂಟು ಹತ್ತು ನಿಮಿಷ. ಅಕ್ಕಿ ಉಬ್ಬಿ ಹೊಂಬಣ್ಣಕ್ಕೆ ಬರಬೇಕು. ಒಂದು ಕಾಳು ಬಾಯಿಗೆ ಹಾಕಿ ನೋಡಿ: ಕರುಂ ಅಂತ ಒಡೆದರೆ ಆಯಿತು, ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿದರೆ ಒಳಗಿನ್ನೂ ಹಸಿ. ಉರಿ ಹೆಚ್ಚಿಟ್ಟು ಬೇಗ ಮುಗಿಸಿದರೆ ಹೊರಗೆ ಕೆಂಪು, ಒಳಗೆ ಹಸಿಹಿಟ್ಟು. ಅದಕ್ಕೇ ಕೆಲವರ ತಂಬಿಟ್ಟು ನಾಲಿಗೆಗೆ ಹಿಟ್ಟು ಹಿಟ್ಟು. ಮೆಂತ್ಯ ಒಂದು ಟೀ ಚಮಚ ಸಾಕು, ಬೇರೆಯಾಗಿಯೇ ಹುರಿಯಿರಿ, ಕರಿದಾದರೆ ಇಡೀ ಡಬ್ಬಿ ಕಹಿ. ಏಲಕ್ಕಿ ಎಂಟು. ಮಿಲ್ಲಿಗೆ ಕೊಡುವುದಾದರೆ ಬೆಳಿಗ್ಗೆ ಮೊದಲ ಸರದಿ ಕೇಳಿ, ಯಾರದೋ ಮೆಣಸಿನ ಪುಡಿ ಬೀಸಿದ ಮೇಲೆ ಕೊಟ್ಟರೆ ಹುಡಿಗೆ ಘಾಟು ಹತ್ತುತ್ತದೆ.

ಬೆರೆಸುವಾಗ 750 ಗ್ರಾಂ ಹುಡಿಗೆ ಮಧ್ಯಮ ಗಾತ್ರದ 28 ಬಾಳೆಹಣ್ಣು. ಸಿಪ್ಪೆ ಪೂರ್ತಿ ಚುಕ್ಕೆ ಬಿದ್ದು ಮೆತ್ತಗಾದ ಹಣ್ಣೇ ಬೇಕು. ನಿಮ್ಮ ಖರ್ಚು ಉಳಿಯುವುದೂ ಇಲ್ಲೇ: ಅಂಗಡಿಯವರು ನೋಟಕ್ಕೆ ಚೆನ್ನಾಗಿಲ್ಲ ಅಂತ ಬದಿಗಿಟ್ಟ ಹಣ್ಣು ಅರ್ಧ ದರಕ್ಕೆ ಸಿಗುತ್ತದೆ, ತಂಬಿಟ್ಟಿಗೆ ಅದೇ ಶ್ರೇಷ್ಠ. ಅರೆಹಣ್ಣು ಹಾಕಿದರೆ ಒಗರು, ಗಂಟು. ಹಣ್ಣು ಪೂರ್ತಿ ಕಿವುಚಿಕೊಂಡು ಹುಡಿಯನ್ನು ಮೂರು ಕಂತಿನಲ್ಲಿ ಸೇರಿಸಿ. ಮುಕ್ಕಾಲು ಭಾಗ ಹಾಕಿದಾಗ ಸಡಿಲ ಅನ್ನಿಸುತ್ತದೆ, ಆಗಲೇ ನಿಲ್ಲಿಸಿ ಒಂದು ಗಂಟೆ ಮುಚ್ಚಿಡಿ. ಹುಡಿ ನೀರು ಹೀರಿ ತಾನೇ ಗಟ್ಟಿಯಾಗುತ್ತದೆ. ಆಮೇಲೂ ಸಡಿಲವಿದ್ದರೆ ಉಳಿದದ್ದು ಹಾಕಿ. ಮೊದಲೇ ಪೂರ್ತಿ ಸುರಿದವರ ತಂಬಿಟ್ಟು ಊಟದ ಹೊತ್ತಿಗೆ ಗಂಟಲಲ್ಲಿ ನಿಲ್ಲುತ್ತದೆ.

ಜೊತೆಗೆ ತೆಂಗಿನಕಾಯಿ ತುರಿ ಎರಡು ಕಾಯಿಯದ್ದು, ಹುರಿದ ಎಳ್ಳು 200 ಗ್ರಾಂ. ತುಪ್ಪ ಕಾಲು ಕೆಜಿ ಸಾಕು, ಆದರೆ ಬಟ್ಟಲನ್ನು ಪಂಕ್ತಿಯಲ್ಲಿ ಬಿಡಬೇಡಿ. ಮನೆಯ ಹಿರಿಯ ಹೆಂಗಸು ಚಮಚದಲ್ಲಿ ಎರಡೆರಡು ಬಡಿಸುತ್ತ ಹೋದರೆ ಎಲ್ಲರಿಗೂ ಸಮ ಸಿಗುತ್ತದೆ, ಅವರ ಕೈಯಿಂದ ಬಡಿಸಿಕೊಂಡ ಹಾಗೂ ಆಗುತ್ತದೆ.

ಕಡಂಬಿಟ್ಟು. ಅಕ್ಕಿ ತರಿ ಒಂದೂವರೆ ಕೆಜಿ. ನೀರು ಅಳತೆಯಲ್ಲಿ, ತೂಕದಲ್ಲಲ್ಲ: ಒಂದು ಲೋಟ ತರಿಗೆ ಎರಡೂವರೆ ಲೋಟ. ನೀರು ಕುದಿಯುವಾಗ ಉಪ್ಪು ಹಾಕಿ, ತರಿಯನ್ನು ಒಂದು ಕೈಯಿಂದ ಬಿಡುತ್ತ ಇನ್ನೊಂದರಿಂದ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿ ಹತ್ತು ನಿಮಿಷ. ಇಳಿಸಿ ಕಾಲು ಗಂಟೆ ಹಾಗೇ ಬಿಡಿ. ನೀರು ಮುಟ್ಟಿದ ಕೈಯಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಹಬೆಯಲ್ಲಿ 20ರಿಂದ 25 ನಿಮಿಷ. ನೂರಕ್ಕೆ ಮೇಲೆ ಉಂಡೆ ಬರುತ್ತದೆ, ತಲೆಗೆ ನಾಲ್ಕು. ಉಂಡೆ ಬಿರುಕು ಬಿಟ್ಟರೆ ತರಿ ಮೊದಲ ಸಲ ಸರಿಯಾಗಿ ಬೆಂದಿಲ್ಲ. ಅಂಟಂಟಾಗಿ ಚಪ್ಪಟೆಯಾದರೆ ತರಿಯಲ್ಲಿ ಹಿಟ್ಟು ಹೆಚ್ಚು, ಜರಡಿ ಹಿಡಿಯಬೇಕಿತ್ತು. ಮೇಲ್ಭಾಗ ಮಾತ್ರ ಕಿಚಡಿಯಾದರೆ ಮುಚ್ಚಳದ ಬೆವರು ಬಿದ್ದಿದೆ, ಮುಚ್ಚಳಕ್ಕೆ ಬಟ್ಟೆ ಕಟ್ಟಿ.

ಪಾಯಸ. ಅಕ್ಕಿ 300 ಗ್ರಾಂ, ಬೆಲ್ಲ 600 ಗ್ರಾಂ, ತೆಂಗಿನಕಾಯಿ ಮೂರು. ತೆಂಗಿನಕಾಯಿಯ ಎರಡನೇ ಹಾಲಲ್ಲಿ ಅಕ್ಕಿ ಬೇಯಿಸಿ. ಬೆಲ್ಲ ಬೇರೆ ಕರಗಿಸಿ ಸೋಸಿ ಹಾಕಿ, ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ. ಒಲೆ ಆರಿಸಿದ ಮೇಲೆ ಮೊದಲ ಹಾಲು. ಮೊದಲ ಹಾಲು ಹಾಕಿ ಕುದಿಸಿದರೆ ಒಡೆದು ಎಣ್ಣೆ ಬಿಡುತ್ತದೆ. ಕದಿರು ಬಂದ ಮೇಲೆ ಒಂದು ಹಿಡಿ ಕಾಳು ಸುಲಿದು ಹಾಕಲು ಪಾತ್ರೆ ಬಿಸಿ ಇರಲಿ.

ಹುತ್ತರಿ ಗೆಣಸು ಮೂರು ಕೆಜಿ, ಸಿಪ್ಪೆ ಸಮೇತ ಉಪ್ಪುನೀರಲ್ಲಿ ಬೇಯಿಸಿ. ಹಸಿಯಾಗಿ ಹೆಚ್ಚುವುದಾದರೆ ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ತುರಿಕೆ. ಪಲ್ಯಕ್ಕೆ ನಾಲ್ಕು ಕೆಜಿ ಸಿಹಿಗುಂಬಳ, ಒಂದು ಕೆಜಿ ಕಪ್ಪು ಕಡಲೆ. ಮಾಂಸ ಮಾಡುವ ಪದ್ಧತಿ ಇದ್ದರೆ ಮಾರನೇ ದಿನಕ್ಕೆ ಮೂರು ಕೆಜಿ ಪಂದಿ (ಹಂದಿಮಾಂಸ) ಧಾರಾಳ. ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿ) ಕೆಜಿಗೆ ಒಂದು ಟೀ ಚಮಚದಿಂದ ಶುರು ಮಾಡಿ, ಕೊನೆಗೆ ಹಾಕಿ, ರುಚಿ ನೋಡಿ ಮುಂದುವರಿಯಿರಿ. ಹೆಚ್ಚಾದ ಹುಳಿಯನ್ನು ತೆಗೆಯಲು ದಾರಿಯಿಲ್ಲ.

---

ಗದ್ದೆಬದಿ:

ಅಕ್ಕಾ, ಅಳತೆಗೆ ತುಂಬಾ ಧನ್ಯವಾದ. ರೇಷನ್ ಅಕ್ಕಿ ಉಪಯೋಗಿಸಬಹುದಾ? ಮನೆಯಲ್ಲಿ ಅದು ಸಾಕಷ್ಟಿದೆ. ತೊಳೆಯುವಾಗ ಕೆಲವು ಕಾಳು ತೇಲುತ್ತವೆ, ಪ್ಲಾಸ್ಟಿಕ್ ಅಂತ ಹೆದರುತ್ತಾರೆ.

ಅಡುಗೆಮನೆ ಅಕ್ಕ:

ಧಾರಾಳವಾಗಿ. ತೇಲುವುದು ಪ್ಲಾಸ್ಟಿಕ್ ಅಲ್ಲ ಮಗಾ, ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ 12 ಸೇರಿಸಿ ಅಕ್ಕಿಯ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಹಗುರವಾದ್ದರಿಂದ ತೇಲುತ್ತವೆ. ಎಸೆಯಬೇಡಿ. ಕುಸುಬಲು ಬಂದಿದ್ದರೆ ತಂಬಿಟ್ಟು ಹುಡಿಗೆ, ಬೆಳ್ತಿಗೆ (ಬೇಯಿಸದ ಬಿಳಿ ಅಕ್ಕಿ) ಬಂದಿದ್ದರೆ ತೊಳೆದು ಒಣಗಿಸಿ ಮಿಲ್ಲಲ್ಲಿ ತರಿ ಒಡೆಸಿ ಕಡಂಬಿಟ್ಟಿಗೆ. ಹಳೆ ಅಕ್ಕಿ ನೀರು ಹೆಚ್ಚು ಕುಡಿಯುತ್ತದೆ, ಲೋಟಕ್ಕೆ ಇನ್ನೊಂದು ಕಾಲು ಲೋಟ ಸೇರಿಸಿ. ದೇವರಿಗೂ ಕಾರೋಣನಿಗೂ (ಕುಲದ ಮೂಲಪುರುಷನಿಗೂ) ಇಡುವುದಕ್ಕೆ ಹೊಸ ಕದಿರಿನ ಕಾಳು ಬಿದ್ದರೆ ಸಾಕು, ಉಳಿದ ಅಕ್ಕಿ ಎಲ್ಲಿಯದು ಅಂತ ಯಾರೂ ಕೇಳುವುದಿಲ್ಲ.

---

ಮಂದ್‌ ಪಕ್ಕದ ಮನೆ:

ಖರ್ಚು ಹಂಚಿಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ, ಮುನಿಸು ಹುಟ್ಟುವುದೇ ಅಲ್ಲಿ. ತಲೆಗೆ ಇಷ್ಟು ಅಂತ ಹಾಕಿದರೆ ಐದು ಜನರ ಬಡ ಮನೆಗೆ ದೊಡ್ಡ ಹೊರೆ, ಇಬ್ಬರೇ ಇರುವ ಅನುಕೂಲಸ್ಥ ಮನೆಗೆ ಹಗುರ. ಮನೆಗೆ ಇಷ್ಟು ಅಂದರೆ ಒಂಟಿಯಾಗಿರುವ ಅತ್ತೆ ಚಿಕ್ಕಮ್ಮಂದಿರಿಗೆ ಅನ್ಯಾಯ. ಆದ್ದರಿಂದ ಮೊದಲು ಸಾಮಾನು ಹಂಚಿ, ಆಮೇಲೆ ದುಡ್ಡು. ಮೇಲಿನ ಅಳತೆಯನ್ನು ಚೀಟಿ ಮಾಡಿ ಮನೆಯವರ ಗುಂಪಿಗೆ ಹಾಕಿ: ತೆಂಗಿನಕಾಯಿ ಐದು, ಕುಂಬಳ ಎರಡು, ಗೆಣಸು ಮೂರು ಕೆಜಿ, ಬಾಳೆಗೊನೆ ಒಂದು, ಎಳ್ಳು, ಸೌದೆ, ಬಾಳೆಲೆ 30. ಹಿತ್ತಲಲ್ಲಿ ಇರುವುದನ್ನು ಒಬ್ಬೊಬ್ಬರು ಹೆಸರು ಬರೆದುಕೊಳ್ಳಲಿ. ದುಡ್ಡಿಲ್ಲದ ಮನೆಯಿಂದಲೂ ಒಂದು ಗೊನೆ ಬಂದರೆ ಅವರು ಪಂಕ್ತಿಯಲ್ಲಿ ತಲೆ ಎತ್ತಿ ಕೂರುತ್ತಾರೆ. ಕೊನೆಗೆ ಅಂಗಡಿಯಿಂದಲೇ ತರಬೇಕಾದದ್ದು ಬೆಲ್ಲ, ತುಪ್ಪ, ಎಣ್ಣೆ, ಕಡಲೆ.

ಅಷ್ಟಕ್ಕೆ ಬೇಕಾದ ದುಡ್ಡನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿಸಿ, ಹೆಸರು ಬೇಡ. ಪಟ್ಟೇದಾರರು (ಮನೆತನದ ಮುಖ್ಯಸ್ಥರು) ಒಬ್ಬರೇ ಎಣಿಸಲಿ. ಕಮ್ಮಿ ಬಿದ್ದರೆ ಸಾಮಾನು ಕಮ್ಮಿ ಮಾಡುವುದು, ಇನ್ನೊಮ್ಮೆ ಕೇಳುವುದಲ್ಲ. ಇದನ್ನು ಮೊದಲೇ ಎಲ್ಲರಿಗೂ ತಿಳಿಸಿಬಿಡಿ. ಸಾಮಾನಿಗೆ ಸಂತೆಗೇ ಹೋಗಿ: ಸೋಮವಾರಪೇಟೆ ಸೋಮವಾರ, ವಿರಾಜಪೇಟೆ ಬುಧವಾರ, ಮಡಿಕೇರಿ ಶುಕ್ರವಾರ, ನಿಮಗೆ ಹತ್ತಿರದ ಗೋಣಿಕೊಪ್ಪ ಭಾನುವಾರ. ಹಬ್ಬಕ್ಕೆ ತಾಗಿದ ಸಂತೆಯಲ್ಲಿ ಗೆಣಸು, ಬಾಳೆಹಣ್ಣಿನ ದರ ಏರಿರುತ್ತದೆ. ಗೆಣಸು, ಕುಂಬಳ ಕೆಡುವುದಿಲ್ಲ, ಅದರ ಹಿಂದಿನ ವಾರವೇ ತನ್ನಿ. ಬಾಳೆಯನ್ನು ಕಾಯಿಯಾಗಿಯೇ ಗೊನೆ ತಂದು ಅಡುಗೆಮನೆಯ ಹೊಗೆ ತಾಗುವಲ್ಲಿ ಕಟ್ಟಿ.

---

ಕೊನೆಯ ಪಂಕ್ತಿ:

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಮುಖ ಬಾಡಿದ ಮನೆಯಲ್ಲಿ ಕೃತಜ್ಞತೆ ಹುಟ್ಟಿಸುವುದು ಉಪದೇಶದಿಂದ ಆಗುವುದಿಲ್ಲ. ಅದರಲ್ಲೂ "ನಮಗಿಂತ ಕಷ್ಟದವರಿದ್ದಾರೆ, 2018ರಲ್ಲಿ ಗುಡ್ಡ ಕುಸಿದು ಮನೆಯೇ ಹೋದವರನ್ನು ನೋಡಿ" ಅನ್ನುವ ಮಾತು ಬೇಡವೇ ಬೇಡ. ಅದನ್ನು ಕೇಳಿದವರು ತಮ್ಮ ನೋವನ್ನು ಬಾಯಿಬಿಟ್ಟು ಹೇಳುವುದನ್ನೂ ನಿಲ್ಲಿಸುತ್ತಾರೆ, ಅಷ್ಟೇ. ಬೆಳೆ ಹೋಗಿದೆ ಅನ್ನುವುದನ್ನು ಪಟ್ಟೇದಾರರೇ ನೆಲ್ಲಕ್ಕಿಯಲ್ಲಿ (ಮನೆಯ ನಡುಕೋಣೆಯಲ್ಲಿ) ದೀಪದ ಮುಂದೆ ಎರಡು ವಾಕ್ಯದಲ್ಲಿ ಹೇಳಿಬಿಡಲಿ. ಎಲ್ಲರಿಗೂ ಗೊತ್ತಿರುವುದನ್ನು ಬಚ್ಚಿಡುವುದೇ ಎದೆಗೆ ಭಾರ. ಹೇಳಿದ ಮೇಲೆ ಹಬ್ಬಕ್ಕೆ ಜಾಗ ಆಗುತ್ತದೆ.

ಆಮೇಲೆ ಕೃತಜ್ಞತೆಯನ್ನು ಮಾತಿನಿಂದ ಕೆಲಸಕ್ಕೆ ಇಳಿಸಿ. ಊಟಕ್ಕೆ ಕೂರುವ ಮೊದಲು ಒಬ್ಬೊಬ್ಬರು ಒಂದು ಉಪಕಾರ ಹೇಳಲಿ, ಆದರೆ ಯಾರು, ಏನು, ಯಾವಾಗ ಮೂರೂ ಇರಬೇಕು. "ಎಲ್ಲರಿಗೂ ಧನ್ಯವಾದ" ಅನ್ನುವುದು ಲೆಕ್ಕಕ್ಕಿಲ್ಲ. "ಜುಲೈ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದಾಗ ಪಕ್ಕದ ಮನೆಯ ಮಾವ ಗರಗಸ ತಂದು ಕಡಿದು ಕೊಟ್ಟರು", ಇಂಥದ್ದು. ಮಕ್ಕಳಿಂದ ಶುರು ಮಾಡಿ. ಬೇಡ ಅನ್ನುವವರನ್ನು ಒತ್ತಾಯಿಸಬೇಡಿ. ಹೆಸರು ಹೇಳಿಸಿಕೊಂಡವರು ಅಲ್ಲಿ ಇಲ್ಲದಿದ್ದರೆ ಮಾರನೇ ದಿನ ಅವರ ಮನೆಗೆ ತಂಬಿಟ್ಟು ಹೋಗಲಿ, ಯಾಕೆ ತಂದೆವು ಅಂತ ಬಾಯಲ್ಲಿ ಹೇಳಿ ಕೊಡಿ. ಇದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲ್ಲ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹತ್ತು ವಾರ, ವಾರಕ್ಕೊಮ್ಮೆ ತಮಗೆ ಸಿಕ್ಕ ಒಳಿತುಗಳನ್ನು ಐದರೊಳಗೆ ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿಸಿದರು. ಹಬ್ಬ ಮುಗಿದು ಎಲ್ಲರೂ ಹೊರಟ ಮೇಲೆ ಬರುವ ಆ ಖಾಲಿ ವಾರಗಳಿಗೆ ಇದು ಒಳ್ಳೆಯ ಅಭ್ಯಾಸ. ಸಾಲ ತೀರಿಸುವುದಿಲ್ಲ, ಆದರೆ ಸಾಲದ ಲೆಕ್ಕ ಹಾಕಲು ಕೂರುವ ಮನಸ್ಸನ್ನು ಸ್ವಲ್ಪ ಗಟ್ಟಿ ಮಾಡುತ್ತದೆ.

ತೋಟದ ಕೆಲಸದವರ ಬಾಕಿ ಕೂಲಿ ಹಬ್ಬಕ್ಕೆ ಮೊದಲು ಕೊಟ್ಟುಬಿಡಿ, ಬೇರೆ ಯಾವ ಖರ್ಚು ನಿಂತರೂ ಸರಿ. ಲೈನ್ ಮನೆಯಲ್ಲಿರುವವರಿಗೂ (ಕೆಲಸದವರ ಸಾಲುಮನೆ) ಹಬ್ಬ ಇದೆ, ಯರವ ಬುಡಕಟ್ಟಿನವರೂ ಹುತ್ತರಿ ಮಾಡುತ್ತಾರೆ. ಈ ವರ್ಷ ಬೋನಸ್ ಆಗುವುದಿಲ್ಲ ಅಂದರೆ ಮುಖ ತಪ್ಪಿಸಿಕೊಂಡು ತಿರುಗಬೇಡಿ. ಎಷ್ಟು ಕೊಡಲು ಆಗುತ್ತದೆ, ಯಾವ ತಿಂಗಳು ಅಂತ ಹೇಳಿ, ಆ ತಿಂಗಳು ಕೊಡಿ. ಹಬ್ಬದ ಊಟ ಕೊಡುವುದಾದರೆ ಅದೇ ರಾತ್ರಿ ಬಿಸಿಯಾಗಿ ಕೊಡಿ, ಮಿಕ್ಕಿದ್ದನ್ನು ಮಾರನೇ ದಿನ ಕಳಿಸುವುದು ಉಪಕಾರವಲ್ಲ.

ಮಕ್ಕಳಿಗೆ ಸುಳ್ಳು ಹೇಳಬೇಡಿ. ಎಂಟು ಹತ್ತು ವರ್ಷದ ಮಗುವಿಗೆ "ಈ ಸಲ ಪಟಾಕಿಗೆ ಇಷ್ಟೇ, ನೀನೇ ಆರಿಸು" ಅಂದರೆ ಅರ್ಥವಾಗುತ್ತದೆ. ಸುಮ್ಮನೆ ಬೇಡ ಬೇಡ ಅಂದರೆ ಅಳುತ್ತವೆ. ಅವರಿಗೆ ನಿಜವಾದ ಕೆಲಸ ಕೊಡಿ: ನೆರೆಗೆ ಎಲೆ ಎಣಿಸುವುದು, ಎಳ್ಳು ಆರಿಸುವುದು, ಕದಿರನ್ನು ಕಂಬಕ್ಕೆ, ಕಣಕ್ಕೆ, ಜೀಪಿಗೆ, ಕಾಫಿ ಗಿಡಕ್ಕೆ ಕಟ್ಟುವುದು. ವಾರ ಮೊದಲಿಂದ ಸಂಜೆ ಅರ್ಧ ಗಂಟೆ ಕೋಲಾಟ ಕಲಿಸಿ. ಹಿರಿಯರೊಬ್ಬರು ದುಡಿ ಬಡಿದರೆ ಸಾಕು. ಮೊದಲ ಎರಡು ದಿನ ಕೋಲಿಲ್ಲದೆ ಬರೀ ಹೆಜ್ಜೆ, ಆಮೇಲೆ ಕೋಲು. ಮೊದಲೇ ಕೋಲು ಕೊಟ್ಟರೆ ಹೆಜ್ಜೆ ಬಿಟ್ಟು ಕೋಲನ್ನೇ ನೋಡುತ್ತಾರೆ, ಬೆರಳಿಗೆ ಪೆಟ್ಟು. ಮಂದ್‌ನಲ್ಲಿ (ಊರವರು ಸೇರಿ ಕುಣಿಯುವ ಬಯಲಲ್ಲಿ) ಆಡಲು ಟಿಕೆಟ್ ಇಲ್ಲ, ನೋಡಲೂ ಇಲ್ಲ. ಮನೆಪಾಟ್‌ನವರು (ಮನೆಮನೆಗೆ ಹೋಗಿ ಹಾಡುವವರು) ಬಂದರೆ ತೆಂಗಿನಕಾಯಿ, ಒಂದು ಸೇರು ಅಕ್ಕಿ ಕೊಟ್ಟು ಪೂರ್ತಿ ಹಾಡಿಸಿಕೊಳ್ಳಿ. ಅರ್ಧದಲ್ಲಿ ನೋಟು ಕೊಟ್ಟು ಕಳಿಸುವ ರೂಢಿ ಬರುತ್ತಿದೆ, ಅದು ನನಗೆ ಸರಿ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಬೆಳೆ ಹೋದ ವರ್ಷ ಹಬ್ಬದ ಸೇರುವಿಕೆಯಲ್ಲಿ ಕುಡಿತ ಹೆಚ್ಚಾಗುತ್ತದೆ. ಯಾರಾದರೂ ತಿಂಗಳಿಂದ ನಿದ್ದೆ ಮಾಡುತ್ತಿಲ್ಲ, ಮಾತು ಬಿಟ್ಟಿದ್ದಾರೆ, "ನಾನಿಲ್ಲದಿದ್ದರೆ ಸರಿಹೋಗುತ್ತಿತ್ತು" ಅನ್ನುತ್ತಿದ್ದಾರೆ ಅಂದರೆ ಅದನ್ನು ಹಬ್ಬದ ಗದ್ದಲದಲ್ಲಿ ತೇಲಿಸಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, ಒಂಟಿಯಾಗಿ ಬಿಡಬೇಡಿ. ತೋಕು, ಗುಂಡು, ತೋಟಕ್ಕೆ ಹೊಡೆಯುವ ಔಷಧಿ ಬೀಗದೊಳಗೆ ಇರಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

---

ಗದ್ದೆಬದಿ:

ಎಲ್ಲರಿಗೂ ಧನ್ಯವಾದ. ಅಳತೆಯ ಚೀಟಿ ಮನೆಯವರ ಗುಂಪಿಗೆ ಹಾಕಿದ್ದೇನೆ, ಗೆಣಸು ಕುಂಬಳಕ್ಕೆ ಆಗಲೇ ಹೆಸರು ಬಂದಿದೆ. ದರ ಕಟ್ಟುವ ಮುಂಗಡ ಬೇಡ ಅಂತ ತೀರ್ಮಾನ. ಅಕ್ಕಾ, ಕೊನೆಯದು ಒಂದು: ಕಾಯಿಗೊನೆ ಎಷ್ಟು ದಿನ ಮೊದಲು ತಂದರೆ ಹಬ್ಬಕ್ಕೆ ಸರಿಯಾಗಿ ಹಣ್ಣಾಗುತ್ತದೆ? ಚಳಿ ಜಾಸ್ತಿ ಇದೆ.

ಅಡುಗೆಮನೆ ಅಕ್ಕ:

ಬಲಿತ ಗೊನೆಯಾದರೆ ಈ ಚಳಿಗೆ ಎಂಟು ಹತ್ತು ದಿನ ಹಿಡಿಯುತ್ತದೆ. ಹನ್ನೆರಡು ದಿನ ಮೊದಲು ತನ್ನಿ. ನಾಲ್ಕು ದಿನ ಇರುವಾಗಲೂ ಹಸಿರೇ ಇದ್ದರೆ ಚಿಪ್ಪು ಬಿಡಿಸಿ, ಒಣ ಬಾಳೆಲೆ ಸುತ್ತಿ, ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಒಲೆಯ ಹತ್ತಿರ ಇಡಿ, ಒಳಗೆ ಒಂದೆರಡು ಹಣ್ಣಾದ ಬಾಳೆ ಸೇರಿಸಿ. ಬೇಗ ಹಣ್ಣಾಗಿಬಿಟ್ಟರೆ ಹೆದರಬೇಡಿ, ಸಿಪ್ಪೆ ಕಪ್ಪಾದರೂ ಒಳಗೆ ಹುಳಿ ವಾಸನೆ ಬರುವ ತನಕ ತಂಬಿಟ್ಟಿಗೆ ಆಗುತ್ತದೆ.